ಹನ್ನೆರಡನೆಯ ಕಾಲಮ್

ಆ ಫಾರಮ್ಮಿನಲ್ಲಿ ಒಟ್ಟು ಇಪ್ಪತ್ತೊಂದು ಕಾಲಮ್‌ಗಳಿದ್ದವು. ಹನ್ನೆರಡನೆಯದು: ಅಭ್ಯರ್ಥಿಗೆ ಮದುವೆಯಾಗಿದೆಯೇ, ಆಗಿದ್ದರೆ ಹೆಂಡತಿಯ ಹೆಸರೇನು? ಇಂಗ್ಲಿಷಿನಲ್ಲಿದ್ದ ಆ ಪ್ರಶ್ನೆಯ ಎದುರಿಗೆ ಇಂಗ್ಲಿಷಿನಲ್ಲೇ ಎರಡಕ್ಷರದ 'ನೋ' ಇತ್ತು. ಕೈಬರಹ ನನ್ನದು, ಅದರಲ್ಲಿ ಅನುಮಾನವಿಲ್ಲ. ಅನುಮಾನವಿರುವುದು ಒಂದೇ ವಿಷಯದಲ್ಲಿ. ಆ ಉತ್ತರವನ್ನು ಅವನು ಹೇಳಿದನೋ, ಅವನನ್ನು ಕೇಳದೆ ನಾನೇ ಬರೆದೆನೋ?

ರಾಜ್ಯದ ಹೆಸರು ಕರ್ನಾಟಕವೆಂದು ಬದಲಾಗಿತ್ತು; ಫಾರಮ್‌ಗಳು ಇನ್ನೂ ಹಳೆಯವೇ. ತಲೆಬರಹದಲ್ಲಿ 'ಮೈಸೂರು' ಎಂದಿದ್ದುದನ್ನು ಹೊಡೆದು ಹಾಕಿ ಮೇಲೆ ರಬ್ಬರ್ ಮುದ್ರೆ ಒತ್ತುತ್ತಿದ್ದೆವು. ನಾನು ಈಗಿನ ವಿಜಯಪುರದಲ್ಲಿ ಪೊಲೀಸ್ ಇಲಾಖೆಯ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿಕೊಂಡು ಬಂದವನು ನಾನೆಂಬುದು ಕಚೇರಿಯಲ್ಲಿ ಎಲ್ಲರಿಗೂ ಚಹಾದ ಜೊತೆಗಿನ ತಮಾಷೆಯಾಗಿತ್ತು. ಹೆಡ್ ಕಾರಕೂನರು ನನ್ನನ್ನು 'ಎಂ.ಎ. ಸಾಹೇಬ್ರ' ಎಂದೇ ಕರೆಯುತ್ತಿದ್ದರು. ಅವರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುವುದು ಉತ್ತಮ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿದರೆ ಹಾಗನ್ನಿಸದಿರಬಹುದು.

ಪೊಲೀಸ್ ಪೇದೆಗಳ ಭರ್ತಿಯ ದಿನ ಮೈದಾನದಲ್ಲಿ ಹುಡುಗರ ಎತ್ತರ ಅಳೆದು, ಎದೆ ಅಳೆದು, ಓಡಿಸಿ, ಉಳಿದವರನ್ನು ನನ್ನ ಮೇಜಿಗೆ ಕಳಿಸುತ್ತಿದ್ದರು. ಹೆಚ್ಚಿನವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನಾನು ಕಾಲಮ್ ಓದಿ, ಕನ್ನಡದಲ್ಲಿ ಕೇಳಿ, ಉತ್ತರ ಬರೆದು, ಕೆಳಗೆ ಸಹಿ ಹಾಕಿಸಬೇಕು. ನಲವತ್ತು ಹುಡುಗರಿಗೆ ಇಪ್ಪತ್ತೊಂದು ಪ್ರಶ್ನೆ ಕೇಳಿದರೆ ಸಂಜೆಯೊಳಗೆ ಮುಗಿಯುವುದಿಲ್ಲ. ಅದಕ್ಕೆ ಆ ಕಚೇರಿಯಲ್ಲಿ ಒಂದು ರೂಢಿ ಇತ್ತು. ಎಲ್ಲರಿಗೂ ಒಂದೇ ಉತ್ತರ ಬರುವ ಕಾಲಮ್‌ಗಳನ್ನು ಹಿಂದಿನ ದಿನವೇ ತುಂಬಿಡುವುದು. ದೇಶ, ರಾಜ್ಯ, ಹಿಂದೆ ಸರ್ಕಾರಿ ನೌಕರಿ ಇತ್ತೇ, ಜೈಲುಶಿಕ್ಷೆ ಆಗಿದೆಯೇ — ಇವನ್ನೆಲ್ಲ ಕುಳಿತಲ್ಲೇ ನಲವತ್ತು ಸಲ ಬರೆದಿಟ್ಟಿದ್ದೆ. ಅಷ್ಟು ನೆನಪಿದೆ.

ಆಗ ಹೆಡ್ ಕಾರಕೂನರು ನನ್ನ ಹೆಗಲ ಮೇಲಿಂದ ಬಗ್ಗಿ, "ಲಗ್ನದ್ದೂ ತುಂಬಿ ಒಗೀರಿ. ಯಾಂವನೂ ಹೌದು ಅನ್ನಂಗಿಲ್ಲ" ಎಂದದ್ದೂ ನೆನಪಿದೆ. ಎಲೆಅಡಿಕೆಯ ವಾಸನೆ ಸಹಿತ ನೆನಪಿದೆ. ಆದರೆ ಅವರು ಎಲೆಅಡಿಕೆ ಹಾಕಿಕೊಳ್ಳದೆ ನಿಂತ ಕ್ಷಣ ನಾನು ಯಾವತ್ತೂ ಕಂಡವನಲ್ಲ. ಹೀಗಾಗಿ ಆ ವಾಸನೆಯಿಂದ ಏನೂ ಸಾಬೀತಾಗುವುದಿಲ್ಲ. ತಾವು ಹಾಗೆ ಹೇಳಲೇ ಇಲ್ಲ ಎಂದು ಅವರು ಕೊನೆಯವರೆಗೂ ಹೇಳಿದರು. ಬೇರೆ ಯಾವುದೋ ವರ್ಷದ ಭರ್ತಿಯ ಮಾತನ್ನು ಈ ವರ್ಷದ ಮೇಲೆ ನಾನು ಅಂಟಿಸಿಕೊಂಡಿರಲೂಬಹುದು.

ತರಬೇತಿಯ ನಾಲ್ಕನೆಯ ತಿಂಗಳಲ್ಲಿ, ಯುಗಾದಿ ಕಳೆದ ವಾರ, ತಿಕೋಟಾದ ಹುಡುಗನೊಬ್ಬ ಓಟದಲ್ಲಿ ಬಿದ್ದ. ಬಂದೂಕು ಎರಡೂ ಕೈಯಲ್ಲಿ ಮೇಲೆತ್ತಿ ಮೈದಾನ ಸುತ್ತುವ ಓಟ. ಮೂರನೆಯ ಸುತ್ತಿನಲ್ಲಿ ಕುಸಿದ. ನೀರು ಹಾಕಿದರು, ನೆರಳಿಗೆ ಎಳೆದರು, ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನದೊಳಗೆ ಹೋಗಿಬಿಟ್ಟ. ಬಿಸಿಲಿನ ಹೊಡೆತ ಎಂದು ವೈದ್ಯರ ಕಾಗದ ಹೇಳಿತು.

ಕಡತ ನನ್ನ ಮೇಜಿಗೆ ಬಂತು. ನಿಯಮ ತೆಗೆದು ನೋಡಿದೆ. ನೌಕರಿಗೆ ಸೇರಿ ವರ್ಷ ತುಂಬದವನ ಮನೆಯವರಿಗೆ ಸಾಮಾನ್ಯ ಪಿಂಚಣಿ ಇಲ್ಲ. ಆದರೆ ಕರ್ತವ್ಯದ ಮೇಲಿದ್ದಾಗ ಕರ್ತವ್ಯದ ಕಾರಣದಿಂದಲೇ ಸತ್ತಿದ್ದರೆ ವಿಶೇಷ ಪಿಂಚಣಿ ಉಂಟು. ಹೆಂಡತಿ ಇದ್ದರೆ ಹೆಂಡತಿಗೆ, ಇಲ್ಲದಿದ್ದರೆ ಅವನನ್ನೇ ನಂಬಿದ ತಾಯಿಗೆ. ತಾಯಿಗೆ ಆದರೆ ಅವಳು ಇರುವ ತನಕ, ಅಲ್ಲಿಗೆ ಮುಗಿಯಿತು. ಕರ್ತವ್ಯದ ಮೇಲೆಯೇ ಸತ್ತ ಎಂಬುದಕ್ಕೆ ಹಾಜರಿ ಪುಸ್ತಕವಿತ್ತು, ಕಣ್ಣಾರೆ ಕಂಡ ಹವಾಲ್ದಾರರ ಹೇಳಿಕೆ ಇತ್ತು. ಇದು ಸರಳವಾದ ಪ್ರಕರಣವೆಂದೇ ನನಗನ್ನಿಸಿತ್ತು.

ತಾಯಿ ಮತ್ತು ಹೆಂಡತಿ ಇಬ್ಬರೂ ತಿಕೋಟಾದ ಮೊದಲ ಬಸ್ಸಿಗೆ ಬಂದು ಕಚೇರಿಯ ಅಂಗಳದ ಬೇವಿನ ಗಿಡದ ಕೆಳಗೆ ಕುಳಿತಿದ್ದರು. ಗಂಡ ಸತ್ತ ಮೇಲೆ ಹತ್ತಿಪ್ಪತ್ತು ಕುರಿ ಕಾಯುತ್ತ ಮಗನನ್ನು ಮ್ಯಾಟ್ರಿಕ್ ತನಕ ಓದಿಸಿದ ಹೆಂಗಸು ಆ ತಾಯಿ. ಸೊಸೆಗೆ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಬಬಲೇಶ್ವರದವಳು.

"ಯಪ್ಪಾ, ಇಲ್ಲಿ ಬಾ ಅಂತ ಪತ್ರ ಬಂತು. ಬಂದೇವಿ. ಎಲ್ಲಿ ಒತ್ತಬೇಕು ತೋರಸು, ಒತ್ತತೇವಿ" ಎಂದಳು ತಾಯಿ.

"ಒತ್ತೋದು ಆಮ್ಯಾಲ, ಯವ್ವ. ಮೊದಲ ಹೇಳಿಕೆ ಬರ್ಕೋಬೇಕು. ಈಕಿ ಯಾರು?"

"ಯಾರಂದ್ರ? ಸೊಸಿ. ಎರಡ ವರ್ಷ ಆತು ನನ್ನ ತಲಿ ತಿನ್ನಾಕತ್ತು. ಬಾಯಿ ಐತಿ ಈಕಿಗೆ, ಬರೇ ಉಣ್ಣಾಕ. ಮಾತಾಡಬೇ, ಸಾಹೇಬ್ರು ಕೇಳಾಕತ್ತಾರ."

"ಅತ್ತಿ, ನೀವು ಸುಮ್ಮಾದ್ರ ಮಾತಾಡ್ತೇನಿ" ಎಂದಳು ಆ ಹುಡುಗಿ, ತಲೆಯೆತ್ತದೆ.

ತಾಯಿ ಒಂದು ಕ್ಷಣ ಅವಳನ್ನೇ ನೋಡಿ ನಕ್ಕುಬಿಟ್ಟಳು. ಆಮೇಲೆ ನಗಬಾರದಿತ್ತು ಎಂಬುದು ನೆನಪಾಗಿ ಸೆರಗು ಬಾಯಿಗೆ ಇಟ್ಟುಕೊಂಡಳು. ಅರ್ಜಿಯಲ್ಲಿ 'ಮೃತನ ಹೆಂಡತಿ' ಎಂದು ಬರೆದೆ. ಹೇಳಿಕೆ, ಗ್ರಾಮಲೆಕ್ಕಿಗನಾದ ತಲಾಠಿಯ ದಾಖಲೆ, ವೈದ್ಯರ ಕಾಗದ, ಭರ್ತಿಯ ಫಾರಮ್ಮು ಎಲ್ಲವನ್ನೂ ಪೋಣಿಸಿ ಮೇಲಿನ ಕಚೇರಿಗೆ ಕಳಿಸಿದೆ. ಫಾರಮ್ಮಿನ ಹನ್ನೆರಡನೆಯ ಕಾಲಮ್ ನೋಡದೇ ಕಳಿಸಿದೆ. ನಾನೇ ತುಂಬಿದ್ದೆನಲ್ಲ, ನೋಡುವುದೇನಿದೆ ಎಂದುಕೊಂಡಿರಬೇಕು.

ಎರಡು ತಿಂಗಳ ಮೇಲೆ ಕಡತ ಆಕ್ಷೇಪಣೆ ಹೊತ್ತು ವಾಪಸು ಬಂತು. ಮೃತನು ತಾನು ಅವಿವಾಹಿತನೆಂದು ಘೋಷಿಸಿ ಸಹಿ ಮಾಡಿದ್ದಾನೆ. ಹಾಗಿದ್ದರೆ ಈ ಹೆಂಡತಿ ಯಾರು?

ಕಡತವನ್ನು ಹೆಡ್ ಕಾರಕೂನರ ಮುಂದಿಟ್ಟೆ. ಅವರು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದರಾಗ ಏನದ? ಲಗ್ನ ಆಗಿಲ್ಲ ಅಂತ ಅಂವನ ಹೇಳ್ಯಾನ. ಆಗಿಲ್ಲ ಅಂತನ ಇಟ್ಕೊಳ್ಳೂಣು. ಆ ಹುಡುಗಿ ಕಡಿಂದ ಒಂದ ಹೇಳಿಕಿ ತಗೋರಿ: ಅರ್ಜಿಯೊಳಗ ತಪ್ಪಾಗಿ ಹೆಂಡತಿ ಅಂತ ನಮೂದಾಗಿತ್ತು, ನಾ ಹೆಂಡತಿ ಅಲ್ಲ, ಸಂಬಂಧದಾಕಿ, ಆ ಮನ್ಯಾಗ ಇರ್ತೇನಿ. ಹೆಬ್ಬಟ್ಟ ಒತ್ತಸ್ರಿ. ಪಿಂಚಣಿ ತಾಯಿ ಹೆಸರಿಗಿ ಬರ್ತದ."

"ಆಕಿ ಹೆಂಡತಿ ಹೌದಲ್ರಿ."

"ಯಾರ ಇಲ್ಲಂದ್ರು? ಇಬ್ರೂ ಒಂದ ಹಂಚಿನ ಮ್ಯಾಲ ರೊಟ್ಟಿ ಬೇಸ್ತಾರ. ಯಾರ ಹೆಸರಿಗಿ ಬಂದ್ರೇನು, ತಿನ್ನವರು ಇಬ್ರ. ಎಂ.ಎ. ಸಾಹೇಬ್ರ, ಕಾಗದ ಮನಷ್ಯಾನ ಸಲುವಾಗಿ ಇರ್ತದರಿ."

ಇವತ್ತಿಗೂ ಆ ಸಲಹೆಯಲ್ಲಿ ದಯೆ ಎಷ್ಟಿತ್ತು, ಫಾರಮ್ಮು ಮುಂಚಿತವಾಗಿ ತುಂಬುವ ರೂಢಿ ಹೊರಬೀಳದಿರಲಿ ಎಂಬ ಎಚ್ಚರ ಎಷ್ಟಿತ್ತು ಎಂದು ತೂಗಿ ಹೇಳಲಾರೆ. ಎರಡೂ ಇದ್ದಿರಬೇಕು. ನಾನು ಅಂದು ಎಚ್ಚರವನ್ನಷ್ಟೇ ಕಂಡೆ. ಮದುವೆಗೆ ಸಾಕ್ಷ್ಯ ಸಿಗುತ್ತದೆಯೋ ಎಂದು ಮೊದಲು ನೋಡುತ್ತೇನೆ ಎಂದು ಹೇಳಿ ಎದ್ದು ಬಂದೆ.

ಮರುದಿನ ಗಾಂಧಿ ಚೌಕದಲ್ಲಿ ಚಹಾ ಕುಡಿದು ತಿಕೋಟಾಕ್ಕೆ ಹೊರಟೆ. ಮನೆ ಊರ ಹೊರಗಿನ ಓಣಿಯಲ್ಲಿತ್ತು. ತಾಯಿ ಹೊರಗೆ ಕೆಮ್ಮುತ್ತ ಕುರಿಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಎರಡೂ ದಾರಿ ವಿವರಿಸಿದೆ. ಒಂದು, ಮದುವೆ ಆಗಿತ್ತೆಂದು ಸಾಬೀತು ಮಾಡುವುದು. ಅದು ತಡವಾಗುತ್ತದೆ, ಆಗದೆಯೂ ಹೋಗಬಹುದು. ಇನ್ನೊಂದು, ಹೆಂಡತಿಯಲ್ಲ ಎಂದು ಅವಳು ಹೆಬ್ಬೆಟ್ಟು ಒತ್ತುವುದು. ಅದು ಬೇಗ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ತಾಯಿ ಕುರಿಮರಿಯನ್ನು ಕೆಳಗೆ ಬಿಟ್ಟಳು. "ನನಗ ಇದು ತಿಳಿಯಂಗಿಲ್ಲ ಯಪ್ಪಾ. ಮಂದಿ ಮಗಳು ಆಕಿ. ಅವರಪ್ಪನ್ನ ಕೇಳು. ಆಂವಾ ಏನಂತಾನ ಅದ."

"ನೀವು ಏನಂತೀರಿ?"

"ನಾ ಏನನ್ಲಿ? ಆಕಿ ನನ್ನ ಸೊಸಿ ಅಲ್ಲ ಅಂತ ನನ್ನ ಬಾಯಿಲೆ ಅನ್ನಸ್ತೀ? ನನ್ನ ಮಗ ಸತ್ತ ದಿನದಿಂದ ನನಗ ನೀರು ಕುಡಸಿದಾಕಿ ಆಕಿ."

ಸದ್ದು ಮತ್ತೆ ಶುರುವಾಯಿತು. ರೊಟ್ಟಿ ತಿಂದು ಹೋಗೆಂದು ತಾಯಿ ಹೇಳಿದಳು. ತಿಂದೆ. ಬಡಿಸಿದವಳು ಆ ಹುಡುಗಿಯೇ. ತಾಟಿನಲ್ಲಿ ಎರಡನೆಯ ರೊಟ್ಟಿ ಹಾಕುವಾಗ ಏನೋ ಹೇಳಲು ನಿಂತಳೆಂದು ಈಗ ನನಗನಿಸುತ್ತದೆ. ಈಗ ಅನಿಸುವುದಕ್ಕೆ ಬೆಲೆ ಏನೂ ಇಲ್ಲ.

ಬಬಲೇಶ್ವರದಲ್ಲಿ ಅವಳ ತಂದೆ ಹೊಲದಲ್ಲಿದ್ದರು. ವಿಷಯ ಕೇಳಿದವರೇ ಕೈಯಲ್ಲಿದ್ದ ಬಾರುಕೋಲು ನೆಲಕ್ಕೆ ಊರಿ ನಿಂತರು.

"ಲಗ್ನ ಆಗಿಲ್ಲ ಅಂತ ನನ್ನ ಮಗಳು ಬರ್ಕೊಟ್ರ, ಎರಡ ವರ್ಷ ಆ ಮನ್ಯಾಗ ಆಕಿ ಏನಾಗಿದ್ಲರಿ? ನೀವ ಹೇಳ್ರಿ. ಕಲ್ತವ್ರು ಅದೀರಿ."

ನಾನು ಚೀಲದಿಂದ ಕಡತ ತೆಗೆದೆ.

"ಐನೂರ ಮಂದಿ ಉಂಡಾರ ನನ್ನ ಮನ್ಯಾಗ. ನಿಮ್ಮ ಸರ್ಕಾರ ಉಂಡಿಲ್ಲ, ಅಷ್ಟ. ಅದಕ ಲಗ್ನ ಆಗಿಲ್ಲನು?"

ಮನೆಗೆ ಕರೆದೊಯ್ದು ಜಂತಿಗೆ ಸಿಕ್ಕಿಸಿದ್ದ ಡಬ್ಬಿಯಿಂದ ಯಾದಿ ತೆಗೆದುಕೊಟ್ಟರು. ಈ ಕಡೆ ಸಂಬಂಧ ಗಟ್ಟಿಯಾದಾಗ ಎರಡೂ ಮನೆಯ ಹಿರಿಯರು ಕೂತು, ಯಾರು ಏನು ಕೊಡಬೇಕು, ಸೀರೆ ಎಷ್ಟು, ಪಾತ್ರೆ ಎಷ್ಟು ಎಂದು ಬರೆದು ಎಲ್ಲರೆದುರು ಓದಿ ಸಹಿ ಮಾಡುವ ಕಾಗದ ಅದು. ವರ, ಕನ್ಯೆ ಇಬ್ಬರ ಹೆಸರೂ ಇತ್ತು. ಏಳು ಜನ ಹಿರಿಯರ ಸಹಿ, ಹೆಬ್ಬೆಟ್ಟುಗಳಿದ್ದವು. ಒಂದು ಮೂಲೆಯಲ್ಲಿ ಅರಿಶಿನ ಹತ್ತಿತ್ತು. ಇಷ್ಟು ಒಳ್ಳೆಯ ಸಾಕ್ಷ್ಯ ನನಗೆ ಮತ್ತೆಂದೂ ಸಿಕ್ಕಿದ್ದಿಲ್ಲ.

ಅದರ ನಕಲು, ತಲಾಠಿಯ ಪಂಚನಾಮೆ, ಬದುಕಿದ್ದ ಐವರು ಹಿರಿಯರ ಹೇಳಿಕೆ, ಎಲ್ಲ ಸೇರಿಸಿ ಮತ್ತೆ ಕಳಿಸಿದೆ. ಮೂರು ವಾರದಲ್ಲಿ ಉತ್ತರ ಬಂತು. ನಾಲ್ಕೇ ಸಾಲು. ಮೃತನು ಸ್ವತಃ ಸಹಿ ಮಾಡಿದ ಘೋಷಣೆಯ ಎದುರು ಖಾಸಗಿ ಕಾಗದವನ್ನು ಪರಿಗಣಿಸಲಾಗದು. ಘೋಷಣೆಯು ತಪ್ಪೆಂದು ಹೇಳುವುದಾದರೆ ತಪ್ಪು ಹೇಗೆ ನಡೆಯಿತೆಂದು ಫಾರಮ್ಮು ಬರೆದುಕೊಂಡ ನೌಕರನಿಂದ ಲಿಖಿತ ಹೇಳಿಕೆ ಪಡೆದು ಸಲ್ಲಿಸಬೇಕು.

ಫಾರಮ್ಮು ಬರೆದುಕೊಂಡ ನೌಕರ ನಾನು.

ಅಂದು ಸಿದ್ಧೇಶ್ವರ ಗುಡಿಯ ಹಿಂದಿನ ನನ್ನ ಬಾಡಿಗೆ ಖೋಲಿಯಲ್ಲಿ ಕುಳಿತು ಭರ್ತಿಯ ದಿನವನ್ನು ಒಂದೊಂದೇ ಗಳಿಗೆಯಾಗಿ ಮತ್ತೆ ಕಟ್ಟಲು ಯತ್ನಿಸಿದೆ. ಶಾಮಿಯಾನದ ಬಣ್ಣ ನೆನಪಿತ್ತು. ಅಂಗಿ ಇಲ್ಲದೆ ಸಾಲಿನಲ್ಲಿ ನಿಂತ ಹುಡುಗರ ಎದೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಂಬರುಗಳು ನೆನಪಿದ್ದವು. ಈ ಹುಡುಗನ ಮುಖ ನೆನಪಿರಲಿಲ್ಲ. ಕಡತದಲ್ಲಿದ್ದ ಫೋಟೋದ ಮುಖವನ್ನು ನನ್ನ ಮೇಜಿನ ಮುಂದೆ ನಿಲ್ಲಿಸಿ, "ಲಗ್ನ ಆಗ್ಯದೇನು?" ಎಂದು ಕೇಳಿ ನೋಡಿದೆ. ಒಮ್ಮೆ ಅವನು "ಇಲ್ಲರಿ" ಎಂದ. ಇನ್ನೊಮ್ಮೆ ಸುಮ್ಮನೆ ನಿಂತ. ಎರಡೂ ಅಷ್ಟೇ ಸ್ಪಷ್ಟವಾಗಿದ್ದವು. ಎಂದರೆ ಎರಡೂ ಅಷ್ಟೇ ಸುಳ್ಳಾಗಿರಲು ಸಾಧ್ಯವಿತ್ತು. ಕಡತದ ಫಾರಮ್ಮನ್ನು ಬೆಳಕಿಗೆ ಹಿಡಿದು ಶಾಯಿ ನೋಡಿದೆ. ಹಿಂದಿನ ದಿನ ತುಂಬಿದ ಕಾಲಮ್‌ಗಳಿಗೂ ಆ ದಿನದ ಕಾಲಮ್‌ಗಳಿಗೂ ಶಾಯಿಯಲ್ಲಿ ವ್ಯತ್ಯಾಸ ಕಂಡರೆ ಮುಗಿಯಿತಲ್ಲ. ವ್ಯತ್ಯಾಸವಿರಲಿಲ್ಲ. ಅದೇ ಲೇಖನಿ, ಅದೇ ದೌತಿಯ ಮಸಿ.

ಭರ್ತಿಯ ದಿನ ಸಾಲು ನಿಲ್ಲಿಸಿದವರು, ಮುಂದೆ ಅವನಿಗೆ ಕವಾಯತು ಕಲಿಸಿದವರು, ಅವನು ಬಿದ್ದಾಗ ಎತ್ತಿದವರು ಒಬ್ಬರೇ ಹವಾಲ್ದಾರ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ಅವರ ಮನೆ. ಭಾನುವಾರ ಮುಂಜಾನೆ ಅಲ್ಲಿಗೆ ಹೋದೆ. ಬಾಗಿಲಲ್ಲೇ ಕುಳಿತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು.

"ಬರ್ರಿ, ಬರ್ರಿ. ಕಾರಕೂನ ಸಾಹೇಬ್ರು ಮನಿತನಕ ಬಂದ್ರಂದ್ರ ನನಗ ರಿಟೈರ್ ಮಾಡಾಕ ಬಂದಿರಬೇಕು" ಎಂದು ನಕ್ಕರು. ನಾನು ಬಂದ ಕಾರಣ ಹೇಳಿದ ಮೇಲೆ ನಗು ನಿಂತಿತು.

"ಅಂವಗ ಲಗ್ನ ಆಗಿದ್ದು ನನಗ ಗೊತ್ತಿತ್ರಿ. ಎರಡನೇ ತಿಂಗಳ ರಜಾ ಕೇಳಾಕ ಬಂದಾಗ ಹೇಳಿದ. ಹೇಣ್ತಿ ನೋಡಬೇಕಲೇ ಅಂತ ಚ್ಯಾಷ್ಟಿ ಮಾಡಿದ್ದೆ."

"ಭರ್ತಿ ದಿನ ಅಂವ ಆಗಿಲ್ಲ ಅಂದನೇನ್ರಿ ನನ್ನ ಮುಂದ? ನೀವು ಅಲ್ಲೇ ನಿಂತಿದ್ರಿ."

ಅವರು ಬ್ರಶ್ ಕೆಳಗಿಟ್ಟರು. "ಅಂದಿರಬೇಕ್ರಿ. ಸಾಲಿನ್ಯಾಗ ನಿಂತಾಗ ನಾನ ಎಲ್ಲಾರಿಗೂ ಹೇಳಿದ್ದೆ: ಲಗ್ನ ಆಗ್ಯದ ಅಂತ ಯಾಂವೂ ಬಾಯಿ ಬಿಡಬ್ಯಾಡ್ರಲೇ, ಬ್ಯಾರಾಕಿನ್ಯಾಗ ಇರೂದು, ಲಗ್ನ ಆದವರಿಗಿ ತಗೊಳ್ಳಂಗಿಲ್ಲ ಅಂತ. ಹಂಗೇನ ಹುಕುಂ ಇರಲಿಲ್ಲ. ನಾ ಭರ್ತಿ ಆದಾಗ ನಮಗೂ ಹಂಗ ಹೇಳಿದ್ರು, ನಾನೂ ಹೇಳ್ದೆ. ಹುಡುಗ್ರ ಚಲೋದಕ್ಕ ಹೇಳಿದ್ರಿ."

"ಇದನ್ನ ಬರ್ದು ಕೊಡ್ತೀರೇನು?"

"ಬರ್ದ ಕೊಟ್ರ ಅಂವ ಸುಳ್ಳ ಹೇಳಿ ನೌಕ್ರಿ ಹಿಡದಾನ ಅಂತ ಆಗೂದಿಲ್ಲೇನ್ರಿ? ಸತ್ತ ಹುಡುಗನ ಹಣಿಗೆ ಸುಳ್ಳ ಬಡೀಲ್ಯಾ?"

ಆ ಮಾತು ಸರಿಯಾಗಿತ್ತು. ಅವನು ಸುಳ್ಳು ಹೇಳಿದ ಎಂದಾದರೆ ಕಡತ ಅಲ್ಲಿಗೇ ಮುಗಿಯುತ್ತದೆ. ನಾನು ಕೇಳದೆ ಬರೆದೆ ಎಂದಾದರೆ ಮಾತ್ರ ಅವಳಿಗೆ ದಾರಿ ಉಳಿಯುತ್ತದೆ. ಆದರೆ ಹವಾಲ್ದಾರರ ಮಾತು ಕೇಳಿದ ಮೇಲೆ, ನಾನು ಕೇಳಿದ್ದೆ, ಅವನು ಇಲ್ಲವೆಂದಿದ್ದ ಎಂಬುದೇ ಹೆಚ್ಚು ಸಂಭವನೀಯವಾಗಿ ಕಾಣತೊಡಗಿತು. ಸತ್ಯವನ್ನು ಹುಡುಕಿಕೊಂಡು ಅಷ್ಟು ದೂರ ಹೋಗಿ, ಹೇಳಿದರೆ ಉಪಯೋಗಕ್ಕೆ ಬಾರದ ಸತ್ಯವನ್ನು ತಂದಿದ್ದೆ. ಅದೂ ಸತ್ಯವೇ ಎಂಬುದು ಗೊತ್ತಿಲ್ಲ.

ಹೆಡ್ ಕಾರಕೂನರು ಮತ್ತೊಮ್ಮೆ ಹೇಳಿದರು. "ಬರೀಬ್ಯಾಡ್ರಿ. ನಿಮ್ಮ ನೌಕ್ರಿಗಂತ ಹೇಳಾಕತ್ತಿಲ್ಲ ನಾ. ಒಂದ ಕಾಲಮ್ ಕೇಳಲಾರ್ದ ಬರದೇನಿ ಅಂದ್ರ, ಅವರು ಇಪ್ಪತ್ತೊಂದೂ ಕೇಳ್ತಾರ. ಹೆಬ್ಬಟ್ಟಿನ ದಾರಿ ಇನ್ನೂ ತೆರದದ. ಆ ಹುಡುಗಿನ್ನ ಕರಸ್ರಿ."

"ಅವರಪ್ಪ ಒಪ್ಪಂಗಿಲ್ಲರಿ. ತಾಯಿನೂ ಒಪ್ಪಿಲ್ಲ."

"ಹಂಗಂದ್ರ ದೇವ್ರ ಕಾಯಬೇಕು."

ಮೂರು ದಿನ ಕಡತವನ್ನು ಮೇಜಿನ ಮೇಲಿಟ್ಟುಕೊಂಡೆ. ಬಬಲೇಶ್ವರದ ಹೊಲದಲ್ಲಿ ಕೇಳಿದ ಪ್ರಶ್ನೆ ಬಿಡಲಿಲ್ಲ: ಎರಡು ವರ್ಷ ಆ ಮನೆಯಲ್ಲಿ ಅವಳು ಏನಾಗಿದ್ದಳು? ತಾಯಿಯ ಕೆಮ್ಮೂ ನೆನಪಿತ್ತು. ಅವಳು ಇನ್ನೆಷ್ಟು ವರ್ಷ? ಅವಳ ಜೊತೆಗೆ ಪಿಂಚಣಿಯೂ ಹೋದರೆ, ಹೆಂಡತಿಯಲ್ಲವೆಂದು ತಾನೇ ಬರೆದುಕೊಟ್ಟ ಹುಡುಗಿಗೆ ಯಾವ ಕಚೇರಿಯ ಬಾಗಿಲು ತೆರೆದಿರುತ್ತದೆ? ನಾಲ್ಕನೆಯ ದಿನ ಒಂದು ಹಾಳೆ ತೆಗೆದು ಬರೆದೆ. 'ಕೆಲಸದ ಒತ್ತಡದಿಂದ, ರೂಢಿಯಂತೆ, ಸದರಿ ಕಾಲಮನ್ನು ಅಭ್ಯರ್ಥಿಯನ್ನು ಕೇಳದೆ ಮುಂಚಿತವಾಗಿ ತುಂಬಿರುತ್ತೇನೆ.' 'ಎಂದು ನನ್ನ ನೆನಪು' ಎಂದು ಸೇರಿಸಿದೆ. ಆಮೇಲೆ ಆ ಮೂರು ಪದಗಳನ್ನು ಬಿಟ್ಟು ಇನ್ನೊಂದು ಹಾಳೆಯಲ್ಲಿ ಶುದ್ಧಪ್ರತಿ ಬರೆದೆ. ಸಂಶಯವುಳ್ಳ ಹೇಳಿಕೆ ಹೇಳಿಕೆಯಾಗುವುದಿಲ್ಲ. ಸಂಶಯವನ್ನು ನಾನೇ ಇಟ್ಟುಕೊಂಡೆ, ಖಚಿತತೆಯನ್ನು ಸರ್ಕಾರಕ್ಕೆ ಕಳಿಸಿದೆ.

ಮುಂದಿನದು ಹೆಡ್ ಕಾರಕೂನರು ಹೇಳಿದಂತೆಯೇ ನಡೆಯಿತು. ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಯಾವ ರೂಢಿ? ಯಾವ ಯಾವ ಕಾಲಮ್? ಎಷ್ಟು ವರ್ಷದಿಂದ? ನಲವತ್ತು ಫಾರಮ್‌ಗಳನ್ನೂ ಕಪಾಟಿನಿಂದ ತೆಗೆಸಿದರು. ತರಬೇತಿಯಲ್ಲಿದ್ದ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಕೇಳಿದರು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಒಬ್ಬ, "ಇವರು ಕೇಳಿದ್ರಿ, ನಾನ ಇಲ್ಲ ಅಂದೆ" ಎಂದ. ಅವನ ಹಿಂದೆ ಬಂದವನು, "ಕೇಳಲೇ ಇಲ್ಲರಿ, ಸಹಿ ಮಾಡಂದ್ರು, ಮಾಡೀನಿ" ಎಂದ. ಇಬ್ಬರೂ ನನ್ನ ಮುಖ ನೋಡಿಯೇ ಹೇಳಿದರು. ಯಾರಿಗೂ ಸುಳ್ಳು ಹೇಳುವ ಕಾರಣವಿರಲಿಲ್ಲ. ಕೆಲವರನ್ನು ಬಹುಶಃ ಕೇಳಿರಬೇಕು, ಕೆಲವರನ್ನು ಕೇಳಿರಲಿಲ್ಲ. ಕೇಳಿದವರ ಪೈಕಿ ತಿಕೋಟಾದವನು ಇದ್ದನೇ ಇಲ್ಲವೇ ಎಂಬುದನ್ನು ಹೇಳಬಲ್ಲವನು ಅವನೊಬ್ಬನೇ.

ನನಗೆ ಲಿಖಿತ ಛೀಮಾರಿ ಬಂತು. ಹೆಡ್ ಕಾರಕೂನರಿಗೆ ನನಗಿಂತ ಕಠಿಣವಾದದ್ದು ಬಂತು. ಅವರ ನಿವೃತ್ತಿಗೆ ಎರಡು ವರ್ಷವಿತ್ತು. ಅವರು ನನ್ನನ್ನು ಎಂ.ಎ. ಸಾಹೇಬ್ರ ಎನ್ನುವುದನ್ನು ಬಿಟ್ಟು, ಎಲ್ಲರಂತೆ ಹೆಸರು ಹಿಡಿದು ಕರೆಯತೊಡಗಿದರು. ಬದುಕಿದ್ದ ಮೂವತ್ತೊಂಬತ್ತು ಹುಡುಗರಿಂದ ಹೊಸ ಫಾರಮ್ಮು ತುಂಬಿಸಿ, ಪ್ರತಿಯೊಂದು ಕಾಲಮನ್ನೂ ಓದಿ ಹೇಳಿ, ಹೊಸದಾಗಿ ಸಹಿ ಹಾಕಿಸಿಕೊಂಡು ಅವರ ನೇಮಕಗಳನ್ನು ಕ್ರಮಬದ್ಧಗೊಳಿಸಲಾಯಿತು. ಅದನ್ನೂ ನಾನೇ ಬರೆದೆ. ಎರಡು ದಿನ ಹಿಡಿಯಿತು.

ತಿಕೋಟಾದವನ ಫಾರಮ್ಮು ಉಳಿಯಿತು. ಮತ್ತೆ ಸಹಿ ಮಾಡಲು ಅವನು ಬರುವಂತಿರಲಿಲ್ಲ.

ಆದೇಶ ಮಳೆಗಾಲ ಮುಗಿದ ಮೇಲೆ ಬಂತು. ಸದರಿ ಫಾರಮ್ಮು ಅಭ್ಯರ್ಥಿಯ ಸ್ವಂತ ಘೋಷಣೆಯಲ್ಲವೆಂದು ಸಂಬಂಧಿಸಿದ ನೌಕರನೇ ಒಪ್ಪಿದ್ದಾನೆ. ಆದ್ದರಿಂದ ಮೃತನ ನೇಮಕ ಕ್ರಮಬದ್ಧವಾಗಿರಲಿಲ್ಲ. ಅವನ ಮರಣದಿಂದ ಅದನ್ನು ಕ್ರಮಬದ್ಧಗೊಳಿಸುವ ಅವಕಾಶವೂ ಉಳಿದಿಲ್ಲ. ಕ್ರಮಬದ್ಧ ನೇಮಕವಿಲ್ಲದವನ ವಾರಸುದಾರರಿಗೆ ವಿಶೇಷ ಪಿಂಚಣಿ ಸಲ್ಲದು. ಹೆಂಡತಿಗೂ ಇಲ್ಲ, ತಾಯಿಗೂ ಇಲ್ಲ.

ಟಪಾಲಿನಲ್ಲಿ ಕಳಿಸಬಹುದಿತ್ತು. ನಾನೇ ಒಯ್ಯುತ್ತೇನೆ ಎಂದೆ. ಯಾರೂ ಬೇಡವೆನ್ನಲಿಲ್ಲ.

ತಾಯಿ ಬಾಗಿಲ ಒಳಗೆ ಮಲಗಿದ್ದಳು. ಕೆಮ್ಮು ಎದೆಗಿಳಿದಿತ್ತು. ಕುರಿಗಳಲ್ಲಿ ಎಷ್ಟು ಉಳಿದಿದ್ದವೋ ನಾನು ಎಣಿಸಲಿಲ್ಲ. ಅಂಗಳ ಮಾತ್ರ ಖಾಲಿಯಾಗಿ ಕಂಡಿತು. ಸೊಸೆ ಹೊರಗೆ ಚಾಪೆ ಹಾಸಿ ನೀರು ಕೊಟ್ಟು ಗೋಡೆಗೆ ಒರಗಿ ನಿಂತಳು. ಆದೇಶವನ್ನು ಓದಿ, ಅದನ್ನು ಆಡುಮಾತಿನಲ್ಲಿ ಹೇಳಿದೆ.

"ಒಟ್ಟಿನ್ಯಾಗ ಇಲ್ಲ ಅಂದ್ರು" ಎಂದಳು ತಾಯಿ.

"ಹೌದು, ಯವ್ವ."

"ಇಬ್ರಿಗೂ?"

"ಇಬ್ರಿಗೂ."

"ನನ್ನ ಮಗ ಪೊಲೀಸ ಆಗಿದ್ನೋ ಇಲ್ಲೋ?"

ಅವನ ಮೈಮೇಲೆ ಖಾಕಿ ಹಾಕಿಯೇ ಹೂತಿದ್ದರು. ಸಾಲಾಗಿ ನಿಂತು ವಂದನೆ ಮಾಡಿದ್ದರು. ಅದನ್ನು ಅವಳೇ ಕಂಡಿದ್ದಳು.

ಹುಡುಗಿ ಮುಂದೆ ಬಂದು ಕಾಗದದ ಮೇಲಿನ ಅಂಚಿಗೆ ಬೆರಳಿಟ್ಟಳು. "ಇಲ್ಲಿ ನನ್ನ ಹೆಸರ ಐತೇನ್ರಿ?"

"ಐತಿ. ನಿನ್ನ ಹೆಸರಿಗೇ ಬಂದದ."

"ಏನಂತ ಬರದಾರ?"

ಓದಿ ಹೇಳಿದೆ. ಅವಳ ಹೆಸರು, ಅದರ ಮುಂದೆ 'ದಿವಂಗತನ ಹೆಂಡತಿ'. ಮೇಲಿನ ಕಚೇರಿಯ ಯಾವನೋ ಟೈಪಿಸ್ಟ್ ಅರ್ಜಿಯಲ್ಲಿದ್ದುದನ್ನು ನೋಡಿ ಹಾಗೆಯೇ ಇಳಿಸಿದ್ದನು. ಎಂಟು ತಿಂಗಳು ಕಡತ ಓಡಾಡಿದ್ದು ಆ ಒಂದು ಪದಕ್ಕಾಗಿ.

"ಹೌದಂದು, ಇಲ್ಲ ಅಂದಾರ" ಎಂದಳು, ಅತ್ತೆಯ ಕಡೆ ತಿರುಗಿ.

ಆದೇಶ ಮುಟ್ಟಿದ್ದಕ್ಕೆ ರಸೀದಿ ಬೇಕಿತ್ತು. ಚೀಲದಿಂದ ಮಸಿಯ ಪ್ಯಾಡು ತೆಗೆದು ಚಾಪೆಯ ಮೇಲಿಟ್ಟೆ. ಅವಳು ಕುಳಿತು ಎಡಗೈ ಚಾಚಿದಳು. ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿ, ಎತ್ತಿ, ರಸೀದಿಯ ಮೇಲೆ ಹಿಡಿದವಳು ಹಾಗೆಯೇ ತಡೆದಳು.

"ಮೊದಲ ಒಂದ ಹೆಬ್ಬಟ್ಟಿಂದು ಹೇಳಿದ್ರಲ್ರಿ. ಒತ್ತಿದ್ರ ಅತ್ತಿಗೆ ಬರ್ತಿತ್ತಂತ."

"ನಿಮ್ಮಪ್ಪ ಬ್ಯಾಡ ಅಂದ್ರು."

"ಹೂಂ. ಅಪ್ಪನ್ನ ಕೇಳಿದ್ರಿ. ಅತ್ತಿನ್ನ ಕೇಳಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೆಬ್ಬಟ್ಟ ನಂದಿತ್ತಲ್ರಿ. ಒತ್ತತಿದ್ನಿ ನಾ. ನಾ ಅವರ ಹೇಣ್ತಿ ಅಂತ ನನಗ ಗೊತ್ತಿತ್ತು. ನಿಮಗ್ಯಾಕ ಗೊತ್ತಾಗಬೇಕಿತ್ತು?"

ಒಳಗೆ ಅತ್ತೆ ಕೆಮ್ಮತೊಡಗಿದಳು. ಹುಡುಗಿ ರಸೀದಿಯ ಮೇಲೆ ಹೆಬ್ಬೆಟ್ಟು ಒತ್ತಿ, ಎದ್ದು, ನೀರಿನ ತಂಬಿಗೆ ತೆಗೆದುಕೊಂಡು ಒಳಗೆ ಹೋದಳು. ಗುರುತು ಚೆನ್ನಾಗಿ ಮೂಡಿತ್ತು. ಅದರ ಕೆಳಗೆ 'ನನ್ನ ಸಮಕ್ಷಮ ಒತ್ತಿದ್ದು' ಎಂದು ಬರೆದು ಸಹಿ ಮಾಡಿದೆ.